ಚಳಿ ಇಳಿಯಿತು, ಬಾಗಿಲು ತೆಗೆಯಿರಿ: ದೆಹಲಿಯ ಎಂಟು ವಾರದ ವಸಂತ ಮತ್ತು ನಿಮ್ಮ ಮನೆಯ ಹಿರಿಯರು



ದೀಪಾವಳಿಯ ಮರುದಿನ ಮುಚ್ಚಿದ ಕಿಟಕಿ ನಿಮ್ಮ ಮನೆಯಲ್ಲಿ ಇನ್ನೂ ಮುಚ್ಚಿಯೇ ಇದೆಯೇ? ಹೊಗೆ, ಮಂಜು, ರಜಾಯಿ, ಹೀಟರು ಎನ್ನುತ್ತಾ ಮೂರೂವರೆ ತಿಂಗಳು ಕಳೆದುಹೋಯಿತು. ಆಫೀಸು, ಶಾಲೆ ಎಂದು ನೀವೂ ಮಕ್ಕಳೂ ಹೇಗೋ ಹೊರಗೆ ಹೋಗಿ ಬಂದಿರಿ. ಆದರೆ ಧಾರವಾಡದಿಂದಲೋ ಹಾಸನದಿಂದಲೋ ಬಂದು ನಿಮ್ಮ ಜೊತೆಗಿರುವ ಅಪ್ಪ ಅಮ್ಮ? ಅವರಲ್ಲಿ ಎಷ್ಟೋ ಜನ ನವೆಂಬರಿನಿಂದ ಗೇಟು ದಾಟಿಲ್ಲ. ಹಾಸಿಗೆಯಿಂದ ಸೋಫಾ, ಸೋಫಾದಿಂದ ಊಟದ ಮೇಜು, ಮತ್ತೆ ಹಾಸಿಗೆ. ದಿನಕ್ಕೆ ಇನ್ನೂರು ಮುನ್ನೂರು ಹೆಜ್ಜೆ ಆದರೆ ಹೆಚ್ಚು.

ಈಗ ಬೂರುಗದ ಮರದಲ್ಲಿ ಕೆಂಪು ಹೂ ಬಂದಿದೆ. ಇಲ್ಲಿಯವರು ಅದನ್ನು ಸೇಮಲ್ ಎನ್ನುತ್ತಾರೆ. ಮಧ್ಯಾಹ್ನ ಸ್ವೆಟರ್ ಬಿಚ್ಚುವಷ್ಟು ಬಿಸಿಲಿದೆ. ಈ ವಾರದ ಲೇಖನ ಅದರ ಬಗ್ಗೆಯೇ: ಚಳಿಗಾಲ ಮುಗಿದ ಮೇಲೆ ಮತ್ತೆ ಹೊರಗೆ ಬರುವುದು ಹೇಗೆ, ಯಾವ ಹೊತ್ತಿಗೆ, ಎಷ್ಟು, ಯಾರು ಎಚ್ಚರ ವಹಿಸಬೇಕು.

*ನಮಗೆ ಸಿಗುವುದು ಎಂಟೇ ವಾರ*

ಬೆಂಗಳೂರು, ಮೈಸೂರುಗಳಲ್ಲಿ ವರ್ಷದ ಬಹುಪಾಲು ದಿನ ಹೊರಗೆ ಓಡಾಡಬಹುದು. "ಇವತ್ತು ಬೇಡ, ನಾಳೆ ಹೋದರಾಯಿತು" ಎಂದು ಅಲ್ಲಿ ಹೇಳಿದರೆ ನಷ್ಟವಿಲ್ಲ. ದೆಹಲಿಯಲ್ಲಿ ಹಾಗಲ್ಲ. ಫೆಬ್ರವರಿ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ, ಹೆಚ್ಚೆಂದರೆ ಎಂಟು ವಾರ. ಫೆಬ್ರವರಿಯಲ್ಲಿ ಹಗಲಿನ ಗರಿಷ್ಠ ತಾಪಮಾನ ಸರಾಸರಿ 24 ಡಿಗ್ರಿ, ಮಾರ್ಚಿನಲ್ಲಿ 30ರ ಹತ್ತಿರ, ಏಪ್ರಿಲಿನಲ್ಲಿ 36 ದಾಟುತ್ತದೆ. ಆಮೇಲೆ 'ಲೂ' ಎಂಬ ಬಿಸಿಗಾಳಿ. ಆಗ ಹಿರಿಯರು ಮತ್ತೆ ಒಳಗೆ, ಮತ್ತೆ ಪರದೆ ಎಳೆದ ಕೋಣೆ.

ಅಂದರೆ ಈ ಎಂಟು ವಾರದಲ್ಲಿ ಕಾಲಿಗೆ ಬರುವ ಬಲವೇ ಮೇ, ಜೂನ್ ತಿಂಗಳನ್ನು ದಾಟಿಸಬೇಕು.

*ಕೂತಲ್ಲೇ ಕೂತರೆ ದೇಹಕ್ಕೆ ಏನಾಗುತ್ತದೆ?*

ಉಪಯೋಗಿಸದ ಸ್ನಾಯು ಕರಗುತ್ತದೆ. ಇದು ಎಲ್ಲ ವಯಸ್ಸಿನವರಿಗೂ ನಿಜ, ಅರವತ್ತು ದಾಟಿದವರಿಗೆ ಇನ್ನೂ ಬೇಗ. ಮೊದಲು ಸೊರಗುವುದು ತೊಡೆ ಮತ್ತು ಸೊಂಟದ ಸ್ನಾಯು. ಕುರ್ಚಿಯಿಂದ ಏಳುವುದು, ಮೆಟ್ಟಿಲು ಹತ್ತುವುದು, ಕಾಲು ಜಾರಿದಾಗ ಸಾವರಿಸಿಕೊಳ್ಳುವುದು ಎಲ್ಲವೂ ಇವುಗಳ ಕೆಲಸ. ಜೊತೆಗೆ ಕೀಲು ಬಿಗಿಯುತ್ತದೆ, ಸಕ್ಕರೆ ಏರುತ್ತದೆ, ಮಲಬದ್ಧತೆ ಬರುತ್ತದೆ, ರಾತ್ರಿಯ ನಿದ್ದೆ ಕೆಡುತ್ತದೆ.

ಹಿರಿಯರು ಇದನ್ನು ದೂರಾಗಿ ಹೇಳುವುದಿಲ್ಲ. "ವಯಸ್ಸಾಯಿತಲ್ಲ" ಎಂದು ಸುಮ್ಮನಾಗುತ್ತಾರೆ. ಆದರೆ ಮೂರು ತಿಂಗಳಲ್ಲಿ ಆದ ಬದಲಾವಣೆಗೆ ವಯಸ್ಸಷ್ಟೇ ಕಾರಣವಲ್ಲ, ಬಹಳಷ್ಟು ಸಲ ಕೂತಿದ್ದೇ ಕಾರಣ. ವಯಸ್ಸನ್ನು ತಿರುಗಿಸಲಾಗದು, ಕೂತಿದ್ದನ್ನು ಸರಿಪಡಿಸಬಹುದು.

ಇವತ್ತೇ ಮನೆಯಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿ. ಕೈ ಇಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒರಗಿಸಿ ಇಡಿ. ಅಪ್ಪನೋ ಅಮ್ಮನೋ ಎರಡೂ ಕೈಯನ್ನು ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಪೂರ್ತಿ ಎದ್ದು ಕೂರಲಿ. ನೀವು ಪಕ್ಕದಲ್ಲೇ ನಿಂತು ಫೋನಿನಲ್ಲಿ ಸಮಯ ನೋಡಿ. 12ರಿಂದ 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕಾಲಿನ ಬಲ ಕಡಿಮೆಯಾಗಿದೆ ಎಂದರ್ಥ. ಕೈ ಊರದೆ ಏಳಲು ಆಗಲೇ ಇಲ್ಲವೆಂದರೆ ವೈದ್ಯರಿಗೆ ಹೇಳಬೇಕಾದ ವಿಷಯ. ಆದ ಸೆಕೆಂಡುಗಳನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ಆರು ವಾರದ ನಂತರ ಮತ್ತೆ ನೋಡೋಣ.

*ಬೆಳಗಿನ ಜಾವದ ವಾಕಿಂಗ್ ಇಲ್ಲಿ ಈಗಲೇ ಬೇಡ*

ನಮ್ಮ ಕಡೆಯ ಹಿರಿಯರಿಗೆ ವಾಕಿಂಗ್ ಎಂದರೆ ಬೆಳಗ್ಗೆ ಐದೂವರೆ. ಊರಿನಲ್ಲಿ ಅದು ಒಳ್ಳೆಯ ಅಭ್ಯಾಸವೇ. ಆದರೆ ದೆಹಲಿ, ನೊಯಿಡಾ, ಗುರುಗ್ರಾಮಗಳಲ್ಲಿ ಫೆಬ್ರವರಿಯ ಬೆಳಗಿನ ಜಾವ ದಿನದ ಕೆಟ್ಟ ಹೊತ್ತುಗಳಲ್ಲಿ ಒಂದು.

ಕಾರಣ ಸರಳ. ಚಳಿಯ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ನೆಲದ ಹತ್ತಿರದ ಗಾಳಿ ತಣ್ಣಗೆ ಭಾರವಾಗಿ ಕೆಳಗೇ ಕೂರುತ್ತದೆ, ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದಂತೆ ನಿಲ್ಲುತ್ತದೆ. ವಾಹನದ ಹೊಗೆ, ಧೂಳು, ಕಸ ಸುಟ್ಟ ಹೊಗೆ ಎಲ್ಲ ಆ ಮುಚ್ಚಳದ ಕೆಳಗೆ ಸಿಕ್ಕಿಕೊಳ್ಳುತ್ತವೆ. ಸೂರ್ಯ ಮೇಲೇರಿ ನೆಲ ಕಾದ ಮೇಲೆ ಗಾಳಿ ಮೇಲೇಳುತ್ತದೆ, ಮುಚ್ಚಳ ಒಡೆಯುತ್ತದೆ, ಹೊಗೆ ಹರಡಿ ತೆಳುವಾಗುತ್ತದೆ. ವಸಂತದಲ್ಲಿ ಬಿಸಿಲೂ ಹೆಚ್ಚು, ಪಶ್ಚಿಮದ ಗಾಳಿಯೂ ಬೀಸುತ್ತದೆ. ದಿನ ಕಳೆದಂತೆ ಆಕಾಶ ನೀಲಿಯಾಗುವುದು ಇದರಿಂದಲೇ.

ಆದ್ದರಿಂದ ಹೊತ್ತು ಹೀಗಿರಲಿ:

• ಫೆಬ್ರವರಿ ಕೊನೆಯವರೆಗೆ: ಬೆಳಗ್ಗೆ 10ರ ನಂತರ, ಇಲ್ಲವೇ ಮಧ್ಯಾಹ್ನ 3ರಿಂದ 5.
• ಮಾರ್ಚ್: ಬೆಳಗ್ಗೆ 8ರಿಂದ 10, ಇಲ್ಲವೇ ಸಂಜೆ 5ರ ನಂತರ.
• ಏಪ್ರಿಲ್: ಬೆಳಗ್ಗೆ 6ರಿಂದ 7.30. ಆಗ ಊರಿನ ಅಭ್ಯಾಸಕ್ಕೆ ಮರಳಬಹುದು.

ಹೊರಡುವ ಮುಂಚೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆ್ಯಪ್‌ನಲ್ಲಿ ನಿಮ್ಮ ಹತ್ತಿರದ ಕೇಂದ್ರದ ಅಂಕಿ ನೋಡಿ. 100ರೊಳಗೆ ಇದ್ದರೆ ಎಲ್ಲರೂ ಹೋಗಬಹುದು. 101ರಿಂದ 200ರವರೆಗೆ ಆರೋಗ್ಯವಂತರು ಹೋಗಬಹುದು, ಅಸ್ತಮಾ ಮತ್ತು ಹೃದಯದ ತೊಂದರೆ ಇರುವವರು ನಿಧಾನವಾಗಿ ಸ್ವಲ್ಪ ಹೊತ್ತು ನಡೆಯಲಿ. 201 ದಾಟಿದರೆ ಹಿರಿಯರು, ಮಕ್ಕಳು, ಗರ್ಭಿಣಿಯರು ಆ ದಿನ ಮನೆಯೊಳಗೇ ವ್ಯಾಯಾಮ ಮಾಡಲಿ. 301 ದಾಟಿದ ದಿನ ಯಾರಿಗೂ ಹೊರಗಿನ ವ್ಯಾಯಾಮ ಬೇಡ.

*ಆರು ವಾರದ ಕ್ರಮ*

ಮೂರು ತಿಂಗಳು ಕೂತವರು ಮೊದಲ ದಿನವೇ ಲೋಧಿ ಗಾರ್ಡನ್ ಪೂರ್ತಿ ಸುತ್ತಿದರೆ ಮರುದಿನ ಮಂಡಿ ಹಿಡಿಯುತ್ತದೆ. "ನೋಡು, ನನಗೆ ಆಗುವುದಿಲ್ಲ" ಎಂದು ಮತ್ತೆ ಸೋಫಾ ಸೇರುತ್ತಾರೆ. ಅದಕ್ಕೇ ನಿಧಾನವಾಗಿ ಏರಿಸಿ.

• *1ನೇ ವಾರ:* ದಿನಕ್ಕೆ ಎರಡು ಸಲ, ಒಂದೊಂದು ಸಲ 10 ನಿಮಿಷ. ಕಟ್ಟಡದ ಸುತ್ತಮುತ್ತ ಸಾಕು.
• *2ನೇ ವಾರ:* ಎರಡು ಸಲ, 12ರಿಂದ 15 ನಿಮಿಷ. ಮನೆಯಲ್ಲಿ ಕುರ್ಚಿಯಿಂದ ಎದ್ದು ಕೂರುವುದು 8 ಸಲ.
• *3 ಮತ್ತು 4ನೇ ವಾರ:* ಒಂದೇ ಸಲಕ್ಕೆ 20 ನಿಮಿಷ, ನಡುವೆ ಬೆಂಚಿನ ಮೇಲೆ ವಿಶ್ರಾಂತಿ. ಗೋಡೆ ಅಥವಾ ಅಡುಗೆಕಟ್ಟೆ ಹಿಡಿದು ತುದಿಗಾಲಲ್ಲಿ ನಿಲ್ಲುವುದು 10 ಸಲ.
• *5 ಮತ್ತು 6ನೇ ವಾರ:* 30 ನಿಮಿಷ, ವಾರಕ್ಕೆ ಐದು ದಿನ. ಆಸರೆ ಹಿಡಿದು ಒಂಟಿಕಾಲಲ್ಲಿ 10 ಸೆಕೆಂಡ್ ನಿಲ್ಲುವ ಅಭ್ಯಾಸ.

ಹೀಗೆ ಆರನೇ ವಾರಕ್ಕೆ ವಾರದ ಲೆಕ್ಕ 150 ನಿಮಿಷ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳಿರುವ ಕನಿಷ್ಠ ಪ್ರಮಾಣ ಇದೇ. ಹಿರಿಯರಿಗೆ ನಡಿಗೆಯ ಜೊತೆ ಸಮತೋಲನ ಮತ್ತು ಬಲದ ವ್ಯಾಯಾಮ ವಾರಕ್ಕೆ ಮೂರು ದಿನ ಇರಬೇಕು ಎಂದೂ ಅದೇ ಸಂಸ್ಥೆ ಹೇಳುತ್ತದೆ. ಬರೀ ನಡೆದರೆ ಸಾಲದು ಎಂಬುದನ್ನು ಬಹಳ ಜನ ಮರೆಯುತ್ತಾರೆ. ಬೀಳುವುದನ್ನು ತಪ್ಪಿಸುವುದು ಈ ಬಲ ಮತ್ತು ಸಮತೋಲನವೇ.

ವೇಗ ಎಷ್ಟಿರಬೇಕು? ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು. ಅಷ್ಟೇ ಅಳತೆ.

ನಡೆಯುವಾಗ ಎದೆ ಬಿಗಿತ, ಎಡಗೈ ಅಥವಾ ದವಡೆಯ ನೋವು, ಎಂದೂ ಇಲ್ಲದ ಏದುಸಿರು, ತಲೆಸುತ್ತು ಬಂದರೆ ತಕ್ಷಣ ಕುಳಿತುಕೊಳ್ಳಿ. ಎದೆನೋವು ಕೆಲವೇ ನಿಮಿಷದಲ್ಲಿ ಇಳಿಯದಿದ್ದರೆ ಕಾಯಬೇಡಿ, 112ಕ್ಕೆ ಕರೆ ಮಾಡಿ. "ಗ್ಯಾಸ್ ಇರಬೇಕು" ಎಂದು ಮನೆಗೆ ನಡೆದುಕೊಂಡು ಬರುವ ಸಾಹಸ ಬೇಡ. ಕೂತು ಇಳಿದ ನೋವಾದರೂ ಅದೇ ದಿನ ವೈದ್ಯರಿಗೆ ತಿಳಿಸಿ.

*ನಿಮ್ಮ ನೆರಳನ್ನು ನೋಡಿ*

"ದಿನಾ ಬಾಲ್ಕನಿಯಲ್ಲಿ ಬಿಸಿಲು ಕಾಯಿಸಿದೆ, ಆದರೂ ವಿಟಮಿನ್ ಡಿ ಕಡಿಮೆ ಬಂದಿದೆ" ಎಂದು ಹಲವರು ಹೇಳುತ್ತಾರೆ. ಇದಕ್ಕೆ ಎರಡು ಕಾರಣಗಳಿವೆ.

ಒಂದು, ಚರ್ಮದಲ್ಲಿ ವಿಟಮಿನ್ ಡಿ ತಯಾರಿಸುವ ಕಿರಣ ಗಾಜನ್ನು ದಾಟಿ ಬರುವುದಿಲ್ಲ. ಗಾಜು ಮುಚ್ಚಿದ ಬಾಲ್ಕನಿಯಲ್ಲಿ ಬೆಚ್ಚಗಾಗುತ್ತದೆ, ವಿಟಮಿನ್ ಸಿಗುವುದಿಲ್ಲ. ಎರಡು, ಸೂರ್ಯ ತಗ್ಗಿನಲ್ಲಿದ್ದಾಗ ಆ ಕಿರಣ ವಾತಾವರಣದಲ್ಲೇ ಸೋರಿಹೋಗುತ್ತದೆ, ಹೊಗೆ ಇದ್ದರೆ ಇನ್ನೂ ಕಡಿಮೆ. ಇದನ್ನು ತಿಳಿಯಲು ಉಪಕರಣ ಬೇಕಿಲ್ಲ, ನಿಮ್ಮ ನೆರಳು ಸಾಕು. ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಬಿಸಿಲು ಕೆಲಸಕ್ಕೆ ಬರುತ್ತದೆ, ಉದ್ದವಾಗಿದ್ದರೆ ಬಹಳ ಕಡಿಮೆ.

ಬೆಂಗಳೂರಿನಲ್ಲಿ ಡಿಸೆಂಬರಿನ ನಡು ಮಧ್ಯಾಹ್ನವೂ ನೆರಳು ನಮಗಿಂತ ಗಿಡ್ಡವೇ. ದೆಹಲಿಯಲ್ಲಿ ನವೆಂಬರ್ ಮೊದಲ ವಾರದಿಂದ ಫೆಬ್ರವರಿ ಮೊದಲ ವಾರದವರೆಗೆ ನೆತ್ತಿಯ ಹೊತ್ತಿಗೂ ನೆರಳು ನಮಗಿಂತ ಉದ್ದ! ಅಂದರೆ ಮೂರು ತಿಂಗಳು ಕಾಯಿಸಿದ ಬಿಸಿಲಿನಲ್ಲಿ ಸಿಕ್ಕಿದ್ದು ಅಲ್ಪ. ಈಗ ಸಿಗುತ್ತದೆ. 11ರಿಂದ 1ರ ನಡುವೆ, ತೆರೆದ ಜಾಗದಲ್ಲಿ, ಮುಂಗೈ ಮತ್ತು ಪಾದ ಬಿಟ್ಟು, 15ರಿಂದ 30 ನಿಮಿಷ, ವಾರಕ್ಕೆ ಮೂರು ನಾಲ್ಕು ದಿನ ಕುಳಿತರೆ ಒಳ್ಳೆಯದು. ಏಪ್ರಿಲಿನಲ್ಲಿ ಈ ಹೊತ್ತನ್ನು ಬೆಳಗ್ಗೆ 9ಕ್ಕೆ ತನ್ನಿ.

ಒಂದು ಎಚ್ಚರಿಕೆ: 60,000 ಯೂನಿಟ್‌ನ ವಿಟಮಿನ್ ಡಿ ಪುಡಿಯನ್ನು ವೈದ್ಯರು ಸಾಮಾನ್ಯವಾಗಿ ವಾರಕ್ಕೊಂದರಂತೆ ಕೆಲವು ವಾರಗಳಿಗೆ ಮಾತ್ರ ಬರೆಯುತ್ತಾರೆ. ಹಳೆ ಚೀಟಿ ತೋರಿಸಿ ತಿಂಗಳುಗಟ್ಟಲೆ ಮುಂದುವರಿಸುವವರೂ, ಇನ್ನೂ ಅಪಾಯಕರವಾಗಿ ದಿನಕ್ಕೊಂದು ತೆಗೆದುಕೊಳ್ಳುವವರೂ ಇದ್ದಾರೆ. ಹೆಚ್ಚಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಗೊಂದಲ, ಮೂತ್ರಪಿಂಡದ ತೊಂದರೆ ಬರಬಹುದು. ಚೀಟಿಯಲ್ಲಿ ಎಷ್ಟು ವಾರ ಎಂದಿದೆಯೋ ಅಷ್ಟೇ.

*ಬಿ.ಪಿ., ಪಾದ ಮತ್ತು ನೀರು*

ಚಳಿಯಲ್ಲಿ ರಕ್ತನಾಳ ಸಂಕುಚಿಸುವುದರಿಂದ ಬಿ.ಪಿ. ಸ್ವಲ್ಪ ಏರುತ್ತದೆ. ಡಿಸೆಂಬರಿನಲ್ಲಿ ವೈದ್ಯರು ಮಾತ್ರೆ ಹೆಚ್ಚಿಸಿರಬಹುದು. ಬೆಚ್ಚಗಾದಂತೆ ಬಿ.ಪಿ. ತಾನಾಗಿ ಇಳಿಯುತ್ತದೆ, ಮಾತ್ರೆ ಅಷ್ಟೇ ಇರುತ್ತದೆ. ಆಗ ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ, ತಲೆಸುತ್ತು. ಹೋಳಿಯ ಹೊತ್ತಿಗೆ ಒಂದು ವಾರ ದಿನವೂ ಬಿ.ಪಿ. ಬರೆದಿಟ್ಟು ವೈದ್ಯರಿಗೆ ತೋರಿಸಿ. ನೀವೇ ಮಾತ್ರೆ ಬಿಡಬೇಡಿ, ಅರ್ಧ ಮಾಡಬೇಡಿ.

ಸಕ್ಕರೆ ಕಾಯಿಲೆ ಇರುವವರ ಪಾದ ಮೂರು ತಿಂಗಳು ಕಾಲುಚೀಲದೊಳಗೆ ಇತ್ತು. ಮೊದಲ ವಾಕಿಂಗ್‌ಗೆ ಮುಂಚೆ ಬೆರಳ ಸಂದು, ಹಿಮ್ಮಡಿ, ಅಂಗಾಲು ನೋಡಿ. ಬಿರುಕು, ಗುಳ್ಳೆ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ. ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆಯುವುದು ಕಣ್ಣಿಗೆ ಒಳ್ಳೆಯದು ಎಂಬ ಮೆಸೇಜ್ ನಿಮಗೂ ಬಂದಿರಬಹುದು. ಸ್ಪರ್ಶ ಕಡಿಮೆಯಾದ ಪಾದಕ್ಕೆ ಮುಳ್ಳು ಚುಚ್ಚಿದ್ದೂ ಗೊತ್ತಾಗುವುದಿಲ್ಲ, ಅಂಥವರಿಗೆ ಬರಿಗಾಲು ಬೇಡವೇ ಬೇಡ. ಹವಾಯಿ ಚಪ್ಪಲಿಯೂ ಬೇಡ. ಹಿಮ್ಮಡಿ ಹಿಡಿಯುವ ಬೂಟು ಬೇಕು.

ಚಳಿಯಲ್ಲಿ ಬಾಯಾರಿಕೆ ಕಡಿಮೆ, ಆ ಅಭ್ಯಾಸವೇ ಮುಂದುವರಿಯುತ್ತದೆ. ಹೊರಡುವ ಮುಂಚೆ ಒಂದು ಲೋಟ, ಬಂದ ಮೇಲೆ ಒಂದು ಲೋಟ ನೀರು. ನೀರು ಮಿತಗೊಳಿಸಿ ಎಂದು ವೈದ್ಯರು ಹೇಳಿರುವ ಹೃದಯ, ಮೂತ್ರಪಿಂಡದ ರೋಗಿಗಳು ಅವರ ಮಾತನ್ನೇ ಪಾಲಿಸಿ. ಮಧ್ಯಾಹ್ನ ಸೆಖೆ ಎಂದು ಸ್ವೆಟರ್ ಬಿಟ್ಟು ಹೋಗಬೇಡಿ. ಫೆಬ್ರವರಿಯ ಸಂಜೆ ಥಟ್ಟನೆ ತಣ್ಣಗಾಗುತ್ತದೆ.

*ತಪ್ಪು ಹೂವಿನದಲ್ಲ*

ಫೆಬ್ರವರಿಯಿಂದ ಏಪ್ರಿಲ್ ದೆಹಲಿಯಲ್ಲಿ ಪರಾಗದ ಕಾಲ. ಸೀನು, ಕಣ್ಣು ತುರಿಕೆ, ರಾತ್ರಿ ಕೆಮ್ಮು ಬಂದರೆ ಜನ ಪಾರ್ಕಿನ ಬಣ್ಣದ ಹೂಗಳನ್ನು ದೂರುತ್ತಾರೆ. ಬಣ್ಣದ ಹೂಗಳ ಪರಾಗ ಭಾರ, ಅಂಟು. ಅದನ್ನು ಹಕ್ಕಿ, ಜೇನು ಒಯ್ಯುತ್ತವೆ. ಅಲರ್ಜಿ ತರುವುದು ಹೆಚ್ಚಾಗಿ ನಮ್ಮ ಕಣ್ಣಿಗೇ ಬೀಳದ ಹೂಗಳು. ಇಲ್ಲಿಯವರು ಪಾಪ್ಡಿ ಅಥವಾ ಚಿಲ್ಬಿಲ್ ಎನ್ನುವ ಮರ, ಹಿಪ್ಪುನೇರಳೆ, ವಿಲಾಯತಿ ಕೀಕರ್. ಈ ಕೀಕರ್ ಬೇರೆ ಯಾವುದೂ ಅಲ್ಲ, ನಮ್ಮ ಬಳ್ಳಾರಿ ಜಾಲಿಯೇ. ದೆಹಲಿಯ ರಿಡ್ಜ್ ಕಾಡಿನ ತುಂಬ ಅದೇ.

ಪ್ರತಿ ವರ್ಷ ಈ ತಿಂಗಳಲ್ಲಿ ಉಬ್ಬಸ ಬರುವವರು ಕಾಲ ಶುರುವಾಗುವ ಮುಂಚೆಯೇ ವೈದ್ಯರನ್ನು ನೋಡಿ. ತಡೆಯುವ ಇನ್‌ಹೇಲರ್ ಬರೆದಿದ್ದರೆ "ಈಗ ಆರಾಮಾಗಿದ್ದೇನೆ" ಎಂದು ನಿಲ್ಲಿಸಬೇಡಿ, ಆರಾಮಾಗಿರುವುದು ಅದರಿಂದಲೇ. ಗಾಳಿ ಜೋರಿರುವ ದಿನ ಹೊರಗಿದ್ದರೆ ಮಾಸ್ಕ್ ಹಾಕಿ, ಮನೆಗೆ ಬಂದು ಮುಖ ತೊಳೆದು ಬಟ್ಟೆ ಬದಲಿಸಿ. ಹಾಸಿಗೆಯ ಚಾದರವನ್ನು ಬಾಲ್ಕನಿಯಲ್ಲಿ ಒಣಹಾಕಬೇಡಿ.

*ಅಮ್ಮನಿಗೆ ಐದು ವಾಕ್ಯ ಕಲಿಸಿ*

ಹಿರಿಯರು ಹೊರಗೆ ಹೋಗದಿರಲು ಚಳಿ ಒಂದೇ ಕಾರಣವಲ್ಲ. ಊರಿನಲ್ಲಿ ಇಡೀ ಬೀದಿಯ ಜೊತೆ ಮಾತಾಡುತ್ತಿದ್ದ ಅಮ್ಮ ಇಲ್ಲಿ ಲಿಫ್ಟಿನಲ್ಲಿ ತಲೆ ತಗ್ಗಿಸಿ ನಿಲ್ಲುತ್ತಾರೆ. ಭಾಷೆ ಬರುವುದಿಲ್ಲ, ದಾರಿ ತಪ್ಪಿದರೆ ಕೇಳಲು ಬಾಯಿಲ್ಲ ಎಂಬ ಭಯ. "ಮಂಡಿ ನೋವು" ಎಂದು ಹೇಳುವುದು ಸುಲಭ, "ಭಯ" ಎಂದು ಹೇಳುವುದು ಕಷ್ಟ. ಮಾತಿಲ್ಲದ ದಿನಗಳು ದೇಹವನ್ನೂ ಮನಸ್ಸನ್ನೂ ಕುಗ್ಗಿಸುತ್ತವೆ. ಒಂಟಿತನ ಹಿರಿಯರ ಖಿನ್ನತೆಗೆ ದೊಡ್ಡ ಕಾರಣಗಳಲ್ಲಿ ಒಂದು.

ಬಯ್ಯಬೇಡಿ, ಜೊತೆಗೆ ಹೋಗಿ. ಮೊದಲ ವಾರ ನೀವು ದಿನಾ 10 ನಿಮಿಷ ಕೊಡಿ. ಒಂದೇ ದಾರಿ, ಒಂದೇ ಹೊತ್ತು, ಒಂದೇ ಬೆಂಚು. ಫೆಬ್ರವರಿಯ ಬಿಸಿಲಿನಲ್ಲಿ ಇಲ್ಲಿಯ ಹೆಂಗಸರು ಪಾರ್ಕಿನಲ್ಲಿ ಕೂತು ಬಟಾಣಿ ಬಿಡಿಸುತ್ತಾರೆ, ಸ್ವೆಟರ್ ಹೆಣೆಯುತ್ತಾರೆ. ಬಟಾಣಿ ಬಿಡಿಸಲು ವ್ಯಾಕರಣ ಬೇಕಿಲ್ಲ. "ನಮಸ್ತೆ", "ಆಪ್ ಕೈಸೀ ಹೈಂ?", "ಮೈಂ ಕರ್ನಾಟಕ್ ಸೇ ಹೂಂ", "ಬೈಠ್ ಜಾವೂಂ?", "ಕಲ್ ಮಿಲೇಂಗೇ" ಎಂಬ ಐದು ವಾಕ್ಯ ಸಾಕು. ಆರನೆಯದನ್ನು ಅವರೇ ಕಲಿತು ಬರುತ್ತಾರೆ.

ಜೇಬಿನಲ್ಲೋ ಬ್ಯಾಗಿನಲ್ಲೋ ಒಂದು ಚೀಟಿ ಇರಲಿ. ಹೆಸರು, ಮನೆ ವಿಳಾಸ, ನಿಮ್ಮ ಫೋನ್ ನಂಬರ್, ತೆಗೆದುಕೊಳ್ಳುವ ಮಾತ್ರೆ ಎಲ್ಲ ಹಿಂದಿಯಲ್ಲಿ. ಆ ಚೀಟಿ ಕೊಡುವ ಧೈರ್ಯ ದೊಡ್ಡದು.

ಭಾನುವಾರ ಸ್ವಲ್ಪ ದೂರ ಹೋಗಿ. ಲೋಧಿ ಗಾರ್ಡನ್‌ಗೆ ಟಿಕೆಟ್ ಇಲ್ಲ, ಸಮತಟ್ಟಾದ ದಾರಿ, ಬೇಕಾದಷ್ಟು ಬೆಂಚು. ನಿಜಾಮುದ್ದೀನ್ ಬಳಿಯ ಸುಂದರ್ ನರ್ಸರಿ, ಚಾಣಕ್ಯಪುರಿಯ ನೆಹರೂ ಪಾರ್ಕ್, ಹೌಜ್ ಖಾಸ್‌ನ ಡಿಯರ್ ಪಾರ್ಕ್ ಇವೆ. ರಾಷ್ಟ್ರಪತಿ ಭವನದ ಅಮೃತ ಉದ್ಯಾನ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಸಾರ್ವಜನಿಕರಿಗೆ ತೆರೆಯುತ್ತದೆ, ಸೋಮವಾರ ರಜೆ. ಯುಗಾದಿ ಹೊತ್ತಿಗೆ ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘದ ಕಡೆಗೆ ಕರೆದುಕೊಂಡು ಹೋಗಿ. ಒಂದು ಸಂಜೆ ಕಿವಿ ತುಂಬ ಕನ್ನಡ ಕೇಳಿದರೆ ಅದರ ಗುಣ ಬಹಳ ದಿನ ಇರುತ್ತದೆ.

*ಮಕ್ಕಳನ್ನೂ ಮರೆಯಬೇಡಿ*

ಫೆಬ್ರವರಿ, ಮಾರ್ಚ್ ಪರೀಕ್ಷೆಯ ಕಾಲ. ಪುಸ್ತಕ, ಮೊಬೈಲ್ ಎರಡರ ನಡುವೆ ಮಕ್ಕಳು ದೂರದ್ದನ್ನು ನೋಡುವುದೇ ಇಲ್ಲ. ಹೊರಗಿನ ಬೆಳಕಿನಲ್ಲಿ ಹೆಚ್ಚು ಹೊತ್ತು ಇರುವ ಮಕ್ಕಳಿಗೆ ಸಮೀಪದೃಷ್ಟಿ ಬರುವ ಸಾಧ್ಯತೆ ಕಡಿಮೆ. ದಿನಕ್ಕೆ ಒಂದು ಗಂಟೆಯಾದರೂ ಆಟ ಇರಲಿ. ಅಜ್ಜನನ್ನು ಪಾರ್ಕಿಗೆ ಕರೆದೊಯ್ಯುವ ಜವಾಬ್ದಾರಿ ಮೊಮ್ಮಗನಿಗೇ ಕೊಡಿ, ಎರಡೂ ಕೆಲಸ ಆಗುತ್ತದೆ.

*ಊಟ: ಋತುವಿನ ಜೊತೆ*

ನಮ್ಮ ಆಯುರ್ವೇದದ ಋತುಚರ್ಯೆ ಚಳಿಯಲ್ಲಿ ಸೇರಿದ ಕಫ ವಸಂತದ ಬಿಸಿಲಿಗೆ ಕರಗುತ್ತದೆ ಎನ್ನುತ್ತದೆ. ಈ ಕಾಲದಲ್ಲಿ ವ್ಯಾಯಾಮ ಬೇಕು, ಹಗಲು ನಿದ್ದೆ ಬೇಡ, ಜಿಡ್ಡು ಸಿಹಿ ಕಡಿಮೆ ಎಂಬುದು ಅದರ ಸಲಹೆ. ವ್ಯಾಯಾಮವನ್ನೂ ಅರ್ಧ ಶಕ್ತಿಯಷ್ಟೇ ಮಾಡು ಎಂದು ಅಷ್ಟಾಂಗ ಹೃದಯ ಹೇಳುತ್ತದೆ. ದಣಿದು ಬೀಳುವವರೆಗೆ ಅಲ್ಲ ಎಂಬ ಆ ಮಾತು ಇಂದಿಗೂ ಸರಿ.

ಚಳಿಗಾಲದ ಪರಾಠ, ಗಜರೇಲಾ, ಪಿನ್ನಿ ಸಾಕು. ಹೆಸರುಬೇಳೆ ಕ್ಯಾರೆಟ್ ಕೋಸಂಬರಿ, ಮೆಂತ್ಯ ಸೊಪ್ಪಿನ ಪಲ್ಯ, ಹಸಿ ಕಡಲೆಯ ಉಸಲಿ, ಮಜ್ಜಿಗೆ ಬರಲಿ. ಸ್ನಾಯು ಕಟ್ಟಲು ಪ್ರೋಟೀನ್ ಬೇಕು, ಬರೀ ಅನ್ನ ತಿಳಿಸಾರು ಸಾಲದು. ಹಿರಿಯರ ಪ್ರತಿ ಊಟದಲ್ಲೂ ಗಟ್ಟಿ ಬೇಳೆ, ಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ ಅಥವಾ ಮೀನು ಇರಲಿ. ಯುಗಾದಿಯ ಹೊತ್ತಿಗೆ ಇಲ್ಲಿಯ ಬೇವಿನಲ್ಲಿ ಹೂವಿರುವುದು ಅಪರೂಪ, ಕೆಂಪು ಚಿಗುರು ಮಾತ್ರ. ಬೇವುಬೆಲ್ಲಕ್ಕೆ ಅದೇ ಸಾಕು. ಚಿಗುರು ತರಲು ಅಪ್ಪನನ್ನೇ ಕಳುಹಿಸಿ, ಆ ದಿನದ ವಾಕಿಂಗ್ ಆದೀತು.

*ಬೇರೆ ನಗರದವರಿಗೆ*

ಪುಣೆ, ಹೈದರಾಬಾದಿನಲ್ಲಿ ಮಾರ್ಚ್ ಮಧ್ಯಕ್ಕೇ ಸುಡು ಬಿಸಿಲು. ನೀವು ಈಗಿನಿಂದಲೇ ಬೆಳಗ್ಗೆ 7ರೊಳಗೆ ಮುಗಿಸಿ. ಚೆನ್ನೈನವರ ಒಳ್ಳೆಯ ಕಾಲ ಡಿಸೆಂಬರಿನಿಂದ ಫೆಬ್ರವರಿ, ಅದು ಮುಗಿಯುತ್ತಾ ಬಂದಿದೆ. ಮುಂಬೈಯವರೂ ಚಳಿಗಾಲದಲ್ಲಿ ಗಾಳಿಯ ಅಂಕಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಕುರ್ಚಿಯ ಪರೀಕ್ಷೆ, ಆರು ವಾರದ ಕ್ರಮ ಎಲ್ಲರಿಗೂ ಒಂದೇ.

*ನೆನಪಿಡಿ*

1. ಐದು ಸಲ ಎದ್ದು ಕೂರುವ ಪರೀಕ್ಷೆ ಇಂದೇ ಮಾಡಿ, ಸೆಕೆಂಡ್ ಬರೆದಿಡಿ.
2. ಫೆಬ್ರವರಿಯಲ್ಲಿ ಬೆಳಗಿನ ಜಾವ ಬೇಡ, 10ರ ನಂತರ ಹೋಗಿ.
3. 10 ನಿಮಿಷದಿಂದ ಶುರು, ಆರನೇ ವಾರಕ್ಕೆ 30.
4. ನೆರಳು ಗಿಡ್ಡವಿದ್ದಾಗ ಬಿಸಿಲು, ಗಾಜಿನ ಹಿಂದೆ ಅಲ್ಲ.
5. ಬಿ.ಪಿ. ಬರೆದಿಟ್ಟು ವೈದ್ಯರಿಗೆ ತೋರಿಸಿ, ಮಾತ್ರೆ ನೀವೇ ಬದಲಿಸಬೇಡಿ.
6. ಚೀಟಿ ಜೇಬಿನಲ್ಲಿ, ಐದು ವಾಕ್ಯ ಬಾಯಲ್ಲಿ.

ಇದು ಸಾಮಾನ್ಯ ತಿಳಿವಳಿಕೆಗಾಗಿ ಬರೆದದ್ದು. ಹೃದಯದ ಕಾಯಿಲೆ, ಇತ್ತೀಚಿನ ಶಸ್ತ್ರಚಿಕಿತ್ಸೆ, ಪಾರ್ಶ್ವವಾಯು ಆದವರು ವ್ಯಾಯಾಮ ಶುರುಮಾಡುವ ಮುಂಚೆ ತಮ್ಮ ವೈದ್ಯರನ್ನು ಕೇಳಲೇಬೇಕು.

ಇದನ್ನು ಓದಿ ಫೋನ್ ಕೆಳಗಿಟ್ಟು, ಪಕ್ಕದ ಕೋಣೆಗೆ ಹೋಗಿ "ಅಮ್ಮಾ, ಚಪ್ಪಲಿ ಬೇಡ, ಬೂಟು ಹಾಕಿಕೋ, ಹತ್ತೇ ನಿಮಿಷ ಹೋಗಿ ಬರೋಣ" ಎನ್ನಿ. ಹಿರಿಯರು ಜೊತೆಗಿರುವ ಕನ್ನಡದ ಮನೆಗಳಿಗೆ ಈ ಲೇಖನ ಕಳುಹಿಸಿ. ಮುಂದಿನ ವಾರ: ಬೇಸಿಗೆಗೆ ಮುಂಚೆ ಮನೆಯ ಔಷಧಿ ಡಬ್ಬಿಯನ್ನು ಸರಿಮಾಡಿಕೊಳ್ಳುವುದು ಹೇಗೆ.